ಮನಸ್ಸಾಕ್ಷಿ, ರೂಢಿ, ಅಂತಃಕರಣ: ಕೊರಿಂಥ ಪತ್ರಿಕೆಯ ಒಂದು ಪ್ರಕರಣ

ಕ್ರೈಸ್ತನಾದವನು ತನ್ನ ಮನಸ್ಸಾಕ್ಷಿಗೆ ಸರಿಯಾಗಿ ನಡೆಯಬೇಕು, ನೆರೆಯವನ ಹಿತವನ್ನೂ ನೋಡಬೇಕು ಎಂಬ ಎರಡು ವಿಧಿಗಳನ್ನು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆ. ಅವು ಒಂದಕ್ಕೊಂದು ಪೂರಕವೆಂದೂ ಒಂದನ್ನು ಸಾಧಿಸಿದವನಿಗೆ ಇನ್ನೊಂದು ತಾನಾಗಿ ಸಿದ್ಧಿಸುವುದೆಂದೂ ನಾವು ಭಾವಿಸುತ್ತೇವೆ. ಆದರೆ ಈ ಎರಡು ವಿಧಿಗಳು ಪರಸ್ಪರ ತಾಕಲಾಡುವ ಸಂದರ್ಭಗಳುಂಟು. ಅಂಥ ಸಂದರ್ಭವೊಂದನ್ನು ವಿಸ್ತಾರವಾಗಿ ಚರ್ಚಿಸಿರುವ ಗ್ರಂಥಭಾಗವು ಕ್ರೈಸ್ತಧರ್ಮದ ಅತ್ಯಂತ ಹಳೆಯ ಬರಹಗಳಲ್ಲಿಯೇ ಇದೆ. ಪೌಲನು ಕ್ರಿ. ಶ. 55ರ ಸುಮಾರಿನಲ್ಲಿ ಎಫೆಸದಿಂದ ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ 8ರಿಂದ 10ರ ವರೆಗಿನ ಅಧ್ಯಾಯಗಳೇ ಆ ಭಾಗ. ಪ್ರಕೃತ ಲೇಖನದಲ್ಲಿ ಅದನ್ನು ಮತೋಪದೇಶವೆಂದು ನೋಡದೆ, ಒಂದು ವಾದಗ್ರಂಥವೆಂದು ಓದಲು ಯತ್ನಿಸಿದ್ದೇವೆ.

ವಿವಾದದ ವಸ್ತು ಮಾಂಸ. ಗ್ರೀಕ್ ನಗರಗಳಲ್ಲಿ ದೇವತೆಗೆ ಬಲಿಕೊಟ್ಟ ಪಶುವಿನ ಒಂದು ಪಾಲು ವೇದಿಯ ಮೇಲೆ ಸುಡಲ್ಪಡುತ್ತಿತ್ತು, ಒಂದು ಪಾಲು ಅರ್ಚಕನಿಗೆ ಸಲ್ಲುತ್ತಿತ್ತು. ಉಳಿದುದು ಭೋಜನಕ್ಕೋ ಮಾರುಕಟ್ಟೆಗೋ ಹೋಗುತ್ತಿತ್ತು. ದೇವಾಲಯದ ಆವರಣದಲ್ಲಿಯೇ ಔತಣ ನಡೆಸುವುದು ಸಾಮಾನ್ಯವಾಗಿತ್ತು. ಕೊರಿಂಥದ ಅಗೆತಗಳಲ್ಲಿ ಅಸ್ಕ್ಲೀಪಿಯಸ್ ದೇವತೆಯ ಆವರಣದಲ್ಲಿ ಒರಗುಮಂಚಗಳುಳ್ಳ ಊಟದ ಕೋಣೆಗಳು ಬೆಳಕಿಗೆ ಬಂದಿವೆ. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತ ಪಪೈರಸ್ ಚೂರುಗಳಲ್ಲಿ ಸೆರಾಪಿಸ್ ದೇವನ ಪಂಕ್ತಿಗೆ ಇಂಥ ದಿನ ಇಂಥ ಹೊತ್ತಿಗೆ ಬರಬೇಕೆಂದು ಕರೆಯುವ ಆಮಂತ್ರಣ ಪತ್ರಗಳಿವೆ. ನಮ್ಮ ಮದುವೆಯ ಕರೆಯೋಲೆಗಳಿಗಿಂತ ಅವು ಬಹಳ ಭಿನ್ನವೇನಲ್ಲ. ಹೀಗೆ ಊರಿನೊಡನೆ ಬಳಕೆ ಇಟ್ಟುಕೊಂಡ ಯಾವ ಗೃಹಸ್ಥನಿಗೂ ಇಂಥ ಊಟವನ್ನು ತಪ್ಪಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಪತ್ರಿಕೆಯ ಕನ್ನಡ ಅನುವಾದದಲ್ಲಿ ಈ ಪದಾರ್ಥಕ್ಕೆ 'ನೈವೇದ್ಯ' ಎಂಬ ಪದ ಬಂದಿದೆ. ಆ ಒಂದು ಪದದಿಂದ ಪ್ರಶ್ನೆಯು ಗ್ರೀಸ್ ದೇಶದಿಂದ ನಮ್ಮ ಬೀದಿಗೇ ಬಂದು ನಿಲ್ಲುತ್ತದೆ. ಜಾತ್ರೆಯ ಪ್ರಸಾದವನ್ನು ಕೈಯಲ್ಲಿ ಹಿಡಿದು ಬಂದ ನೆರೆಮನೆಯವರ ಮುಂದೆ ನಿಂತ ಕನ್ನಡ ಕ್ರೈಸ್ತನಿಗೆ ಈ ಅಧ್ಯಾಯಕ್ಕೆ ಭಾಷ್ಯವೇ ಬೇಡ.

ಕೊರಿಂಥದ ಸಭೆಯಲ್ಲಿ ಎರಡು ಪಕ್ಷಗಳಿದ್ದವು. ವಿಗ್ರಹವೆಂಬುದು ವಸ್ತುತಃ ಏನೂ ಅಲ್ಲ, ಆದ್ದರಿಂದ ಅದಕ್ಕೆ ಅರ್ಪಿಸಿದ ಮಾಂಸವೂ ಬರಿಯ ಮಾಂಸವೇ ಎಂದು ಒಂದು ಪಕ್ಷದವರು ವಾದಿಸಿದರು. ಇನ್ನೊಂದು ಪಕ್ಷದವರು ನಿನ್ನೆಯವರೆಗೆ ಆ ದೇವತೆಗಳನ್ನೇ ಪೂಜಿಸಿದವರು; ಅದೇ ಮಾಂಸವನ್ನು ಬಾಯಿಗಿಡುವಾಗ ಅವರಿಗೆ ತಾವು ಮತ್ತೆ ಆ ಪೂಜೆಯಲ್ಲಿಯೇ ಸೇರಿದಂತಾಗುತ್ತಿತ್ತು. ಮೊದಲನೆಯವರ ಪಕ್ಷದಲ್ಲಿ ಧನಿಕರು ಹೆಚ್ಚಾಗಿದ್ದರೆಂದು ಜರ್ಮನ್ ವಿದ್ವಾಂಸನಾದ ಗರ್ಡ್ ಥೈಸನ್ 1975ರಲ್ಲಿ ಪ್ರತಿಪಾದಿಸಿದನು. ಔತಣಕ್ಕೆ ಕರೆಸಿಕೊಳ್ಳುವವರು ಅವರೇ. ಬಡವನಿಗೆ ಮಾಂಸ ಸಿಕ್ಕುತ್ತಿದ್ದುದು ಬಹುಮಟ್ಟಿಗೆ ಹಬ್ಬದ ದಿನ, ದೇವರ ಹೆಸರಿನಲ್ಲಿ. ಈ ವಾದವನ್ನು ಪೂರ್ಣವಾಗಿ ಒಪ್ಪದವರೂ ಇದ್ದಾರೆ. ಆದರೂ ಪತ್ರಿಕೆಯ ಮುಂದಿನ ಅಧ್ಯಾಯವನ್ನು ನೋಡಿದರೆ ಇದರಲ್ಲಿ ಬಹಳಷ್ಟು ಹುರುಳಿದೆಯೆಂದು ನಮಗೆ ತೋರುತ್ತದೆ.

ಪೌಲನ ವಾದಕ್ರಮವು ನಮ್ಮ ಶಾಸ್ತ್ರಗ್ರಂಥಗಳ ಕ್ರಮವನ್ನು ನೆನಪಿಗೆ ತರುತ್ತದೆ. ಮೊದಲು ಪೂರ್ವಪಕ್ಷದ ಮಾತುಗಳನ್ನು, ಬಹುಶಃ ಕೊರಿಂಥದವರು ತಮ್ಮ ಪತ್ರದಲ್ಲಿ ಬಳಸಿದ್ದ ಪದಗಳಲ್ಲಿಯೇ, ಎತ್ತಿಕೊಳ್ಳುತ್ತಾನೆ. ಅವನ್ನು ತಾತ್ತ್ವಿಕವಾಗಿ ಒಪ್ಪಿಯೂ ಒಪ್ಪುತ್ತಾನೆ. ವಿಗ್ರಹ ಏನೂ ಅಲ್ಲವೆಂಬುದು ಅವನಿಗೂ ಸಮ್ಮತವೇ. ಆದರೆ ಜ್ಞಾನದಿಂದ ಮನುಷ್ಯನು ಉಬ್ಬುತ್ತಾನೆ, ಪ್ರೀತಿಯಿಂದ ಕಟ್ಟಲ್ಪಡುತ್ತಾನೆ ಎಂದು ಮುಂದುವರಿಸಿ, ಪ್ರಶ್ನೆಯನ್ನು 'ಯಾರ ಅಭಿಪ್ರಾಯ ಸರಿ?' ಎಂಬಲ್ಲಿಂದ 'ಯಾರಿಗೆ ಏನಾಗುತ್ತದೆ?' ಎಂಬಲ್ಲಿಗೆ ತಿರುಗಿಸಿಬಿಡುತ್ತಾನೆ. ಜ್ಞಾನಿಯಾದವನು ದೇವಾಲಯದಲ್ಲಿ ಊಟಕ್ಕೆ ಒರಗಿರುವುದನ್ನು ದುರ್ಬಲನೊಬ್ಬನು ನೋಡಿದನೆನ್ನೋಣ. ಅವನೂ ಧೈರ್ಯಗೊಂಡು ತಿನ್ನುತ್ತಾನೆ. ಆದರೆ ಅದು ತಪ್ಪೆಂದು ನಂಬಿಕೊಂಡೇ ತಿನ್ನುತ್ತಾನೆ. ಅಲ್ಲಿಗೆ ಅವನು ಕೆಟ್ಟನು. ಈ 'ಧೈರ್ಯಗೊಳ್ಳು'ವುದಕ್ಕೂ ಪೌಲನು ಬಳಸಿರುವುದು ಪ್ರೀತಿಯ ಸಂಬಂಧದಲ್ಲಿ ಬಂದ ಆ 'ಕಟ್ಟು' ಎಂಬ ಕ್ರಿಯಾಪದವನ್ನೇ. ಈ ವ್ಯಂಗ್ಯವನ್ನು ಅನುವಾದಗಳು ಬಹುಮಟ್ಟಿಗೆ ಕಳೆದುಕೊಂಡಿವೆ.

ಇಲ್ಲಿ ಒಂದು ಅಪಾರ್ಥವನ್ನು ನಿವಾರಿಸಬೇಕು. ದುರ್ಬಲನಿಗೆ 'ಅಡ್ಡಿ'ಯಾಗಬಾರದು ಎಂಬುದನ್ನು, ಅವನಿಗೆ ಬೇಸರವಾಗಬಾರದು, ಅವನು ಮೂಗು ಮುರಿಯುವಂತಾಗಬಾರದು ಎಂದು ಓದುವವರು ಬಹಳ. ಹಾಗೆ ಓದಿದರೆ ಸಭೆಯಲ್ಲಿ ಅತ್ಯಂತ ಸಿಡುಕಿನವನೇ ಎಲ್ಲರ ಒಡೆಯನಾಗುತ್ತಾನೆ. ಪೌಲನ ಚಿಂತೆ ಅದಲ್ಲ. ದುರ್ಬಲನು ಇನ್ನೊಬ್ಬನನ್ನು ಅನುಕರಿಸಿ ತನ್ನ ಸ್ವಂತ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆದುಬಿಟ್ಟಾನು ಎಂಬುದೇ ಅವನ ಭಯ. ಅಂದರೆ, ತಪ್ಪು ಅಭಿಪ್ರಾಯದ ಮೇಲೆ ನಿಂತ ಮನಸ್ಸಾಕ್ಷಿಯೂ ಅದನ್ನು ಹೊಂದಿದವನ ಮಟ್ಟಿಗೆ ಮುರಿಯಬಾರದ ವಸ್ತು. ಹದಿಮೂರನೆಯ ಶತಮಾನದಲ್ಲಿ ತೋಮಸ್ ಅಕ್ವಿನಾಸನು ಇದನ್ನೇ ಇನ್ನಷ್ಟು ಬಿಗಿಯಾಗಿ ಹೇಳಿದನು: ತಪ್ಪಿದ ಮನಸ್ಸಾಕ್ಷಿಯೂ ಬಂಧಿಸುತ್ತದೆ, ಆದರೆ ತಪ್ಪಿಗೆ ತನ್ನದೇ ಅಲಕ್ಷ್ಯ ಕಾರಣವಾಗಿದ್ದರೆ ಅದು ಕ್ಷಮೆಗೆ ಆಧಾರವಾಗದು.

ಈ ಮೂರು ಅಧ್ಯಾಯಗಳಲ್ಲಿ ಎಂಟು ಸಲ ಬರುವ 'ಸುನೈದೇಸಿಸ್' ಎಂಬ ಗ್ರೀಕ್ ಪದವನ್ನು ನಾವು 'ಮನಸ್ಸಾಕ್ಷಿ' ಎನ್ನುತ್ತೇವೆ. ಮೂಲದ ಅವಯವಾರ್ಥ 'ಕೂಡ ತಿಳಿದಿರುವುದು'. ಮಾಡಿದುದನ್ನು ಮಾಡಿದವನ ಜತೆಗೇ ಇದ್ದು ಬಲ್ಲದ್ದು. ಈ ಪದವು ಸ್ಟೋಯಿಕ್ ದಾರ್ಶನಿಕರಿಂದ ಬಂದುದಲ್ಲ, ಜನಸಾಮಾನ್ಯರ ಗ್ರೀಕಿನಿಂದ ಬಂದುದು, ತಪ್ಪು ಮಾಡಿದ ಮೇಲೆ ಒಳಗೆ ಕಾಣಿಸಿಕೊಳ್ಳುವ ನೋವೇ ಇದರ ಮೂಲಾರ್ಥ ಎಂದು ಸಿ. ಎ. ಪಿಯರ್ಸ್ 1955ರಲ್ಲಿ ತೋರಿಸಿದನು. ಹೀಬ್ರೂ ಭಾಷೆಯಲ್ಲಿ ಇದಕ್ಕೆ ಪ್ರತ್ಯೇಕ ಪದವೇ ಇಲ್ಲ. ಅಲ್ಲಿ 'ಹೃದಯ'ವೇ ಈ ಕೆಲಸವನ್ನೂ ಮಾಡುತ್ತದೆ. ಪೌಲನನ್ನು ಸದಾ ಒಳಗನ್ನೇ ಕೆದಕಿಕೊಳ್ಳುವ ವ್ಯಕ್ತಿಯೆಂದು ಓದಿದುದು ಪಶ್ಚಿಮದ ನಂತರದ ಕಾಲದ ಅಭ್ಯಾಸವೆಂದು ಕ್ರಿಸ್ಟರ್ ಸ್ಟೆಂಡಾಲನು 1963ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ವಾದಿಸಿದ್ದಾನೆ. ಕನ್ನಡದ ಪದವು ಈ ವಿಷಯದಲ್ಲಿ ಆಶ್ಚರ್ಯಕರವಾಗಿ ಮೂಲಕ್ಕೆ ಹತ್ತಿರವಾಗಿದೆ: ಸಾಕ್ಷಿಯಾದವನು ಕಂಡದ್ದನ್ನು ಹೇಳುತ್ತಾನೆ, ಕಾನೂನನ್ನು ಮಾಡುವುದಿಲ್ಲ. ಸಾಕ್ಷಿಯ ಕಣ್ಣಿಗೂ ಪೊರೆ ಬರಬಹುದು.

ಪಾಠಾಂತರವೊಂದು ಇಲ್ಲಿ ವಿಚಾರಾರ್ಹವಾಗಿದೆ. 8ನೆಯ ಅಧ್ಯಾಯದ 7ನೆಯ ವಾಕ್ಯದಲ್ಲಿ, ಕೆಲವರು ಇಂದಿಗೂ ವಿಗ್ರಹದ 'ಮನಸ್ಸಾಕ್ಷಿ'ಯಿಂದ ತಿನ್ನುತ್ತಾರೆಂದು ಒಂದು ವರ್ಗದ ಹಸ್ತಪ್ರತಿಗಳು ಹೇಳಿದರೆ, ಸೈನಾಯ್ ಪ್ರತಿಯ ಮೊದಲ ಲಿಪಿಕಾರನೂ ವ್ಯಾಟಿಕನ್ ಪ್ರತಿಯೂ ವಿಗ್ರಹದ 'ರೂಢಿ'ಯಿಂದ, ಎಂದರೆ ಹಳೆಯ ಬಳಕೆಯಿಂದ, ಎಂದು ಓದುತ್ತವೆ. ಗ್ರೀಕಿನಲ್ಲಿ 'ಸುನೈದೇಸಿಸ್', 'ಸುನೇಥೈಯ' ಎಂಬ ಎರಡು ಪದಗಳು ಕಣ್ಣಿಗೂ ಕಿವಿಗೂ ಹತ್ತಿರದವು. 'ರೂಢಿ'ಯೇ ಸಾಧುಪಾಠವೆಂದು ಸಂಪಾದಕರು ಬಹುಮಟ್ಟಿಗೆ ಒಪ್ಪಿದ್ದಾರೆ. ಅದೇ ವಾಕ್ಯದಲ್ಲಿ ಮುಂದೆ ಬರುವ 'ಮನಸ್ಸಾಕ್ಷಿ'ಯು ಲಿಪಿಕಾರನ ಕೈಯನ್ನು ಹಿಂದಕ್ಕೆಳೆದಿರಬೇಕು. ಕೈತಪ್ಪಿನಿಂದ ಹುಟ್ಟಿದ್ದರೂ ಈ ಪಾಠಾಂತರಕ್ಕಿಂತ ಒಳ್ಳೆಯ ಭಾಷ್ಯವನ್ನು ನಾವು ಕಂಡಿಲ್ಲ. ಬಹುಕಾಲದ ಬಳಕೆಯು ಒಳಗೆ ಹೊಕ್ಕು ಕುಳಿತು, ಸಾಕ್ಷಿಯ ದನಿಯಲ್ಲಿ ಮಾತಾಡತೊಡಗುತ್ತದೆ. ಯಾವುದು ರೂಢಿ, ಯಾವುದು ಮನಸ್ಸಾಕ್ಷಿ ಎಂಬುದು ಲಿಪಿಕಾರನಿಗೆ ಮಾತ್ರವಲ್ಲ, ಮನುಷ್ಯನಿಗೂ ಸುಲಭವಾಗಿ ತಿಳಿಯದು.

ನಮ್ಮ ಧರ್ಮಶಾಸ್ತ್ರಕಾರರಿಗೂ ಈ ತೊಡಕು ಗೊತ್ತಿತ್ತು. ಮನುಸ್ಮೃತಿಯು ಆತ್ಮತುಷ್ಟಿಯನ್ನು ಧರ್ಮದ ಮೂಲಗಳಲ್ಲಿ ಒಂದೆಂದು ಎಣಿಸಿದರೂ ವೇದ, ಸ್ಮೃತಿ, ಶಿಷ್ಟಾಚಾರಗಳ ಅನಂತರ, ಕೊನೆಯಲ್ಲಿ ಎಣಿಸುತ್ತದೆ. ಸಜ್ಜನರ ಅಂತಃಕರಣದ ಒಲವೇ ಸಂದೇಹಸ್ಥಳಗಳಲ್ಲಿ ಪ್ರಮಾಣವೆಂದು ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನು ಹೇಳುವ ಮಾತನ್ನು ಕುಮಾರಿಲಭಟ್ಟನು ಮೀಮಾಂಸೆಯ ಚರ್ಚೆಯಲ್ಲಿ ಉದಾಹರಿಸಿದ್ದಾನೆ. ಪ್ರಕೃತವನ್ನು ತುಸು ಬಿಟ್ಟು ಹೇಳುವುದಾದರೆ, ಆ ಸಂದರ್ಭದಲ್ಲಿ ರಾಜನ ಅಂತಃಕರಣವು ಅವನ ಕಣ್ಣು ಈಗಾಗಲೇ ಬಯಸಿದ್ದನ್ನೇ ಪ್ರಮಾಣೀಕರಿಸಿತೆಂಬುದನ್ನು ಮೀಮಾಂಸಕರು ಅಷ್ಟಾಗಿ ಗಮನಿಸಿದಂತಿಲ್ಲ.

ಈ 'ಅಂತಃಕರಣ' ಎಂಬ ಪದ ಕನ್ನಡದಲ್ಲಿ ಪಡೆದ ಅರ್ಥಾಂತರವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ವೇದಾಂತದಲ್ಲಿ ಅದು ಮನಸ್ಸು, ಬುದ್ಧಿ, ಚಿತ್ತ, ಅಹಂಕಾರಗಳ ಸಮುದಾಯ, ಒಳಗಿನ ಉಪಕರಣ. ಆದರೆ ನಮ್ಮ ಮನೆಗಳಲ್ಲಿ 'ಅವನಿಗೆ ಅಂತಃಕರಣವೇ ಇಲ್ಲ' ಎಂದರೆ ಅವನಿಗೆ ಮರುಕವಿಲ್ಲವೆಂದೇ ಅರ್ಥ. ಒಳಗಿನಿಂದ ತಿಳಿಯುವುದು, ಇನ್ನೊಬ್ಬನಿಗಾಗಿ ಮರುಗುವುದು ಎಂಬ ಎರಡನ್ನೂ ಆಡುಮಾತು ಒಂದೇ ಪದದಲ್ಲಿ ಕೂಡಿಸಿಬಿಟ್ಟಿದೆ. ಸುವಾರ್ತೆಗಳಲ್ಲಿಯೂ ಹೀಗೆಯೇ. ನಾಲ್ಕು ಸುವಾರ್ತೆಗಳ ಪ್ರಾಚೀನ ಪ್ರತಿಗಳಲ್ಲಿ 'ಸುನೈದೇಸಿಸ್' ಪದವು ಒಮ್ಮೆಯೂ ಬರುವುದಿಲ್ಲ. ಲೂಕನ ಸುವಾರ್ತೆಯಲ್ಲಿ, ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಕಂಡ ಸಮಾರ್ಯದವನಿಗೆ ಮನಸ್ಸಾಕ್ಷಿ ಚುಚ್ಚಿತೆಂದು ಹೇಳಿಲ್ಲ. ಅಲ್ಲಿರುವ ಗ್ರೀಕ್ ಕ್ರಿಯಾಪದ 'ಕರುಳು' ಎಂಬರ್ಥದ ಶಬ್ದದಿಂದ ಹುಟ್ಟಿದುದು. ಅವನ ಕರುಳು ಮಿಡಿಯಿತು, ಅಷ್ಟೆ.

ಕೊರಿಂಥಕ್ಕೆ ಮರಳೋಣ. 10ನೆಯ ಅಧ್ಯಾಯದ ಕೊನೆಯಲ್ಲಿ ಪೌಲನು ಕೊಡುವ ತೀರ್ಪು ಬಹಳ ವ್ಯಾವಹಾರಿಕವಾದುದು. ವಿಗ್ರಹದ ಪಂಕ್ತಿಯಲ್ಲಿ ಪಾಲುಗೊಳ್ಳುವುದನ್ನು ಅವನು ಖಂಡಿತವಾಗಿ ನಿಷೇಧಿಸುತ್ತಾನೆ. ಮಾರುಕಟ್ಟೆಯ ಮಾಂಸವನ್ನಾದರೋ ವಿಚಾರಿಸದೆ ಕೊಂಡು ತಿನ್ನಬಹುದು. ಅನ್ಯರ ಮನೆಯ ಔತಣದಲ್ಲಿ ಬಡಿಸಿದ್ದನ್ನೂ ತಿನ್ನಬಹುದು. ಆದರೆ ಪಕ್ಕದಲ್ಲಿದ್ದವನು ಇದು ನೈವೇದ್ಯವೆಂದು ತಿಳಿಸಿದರೆ ಆ ತಿಳಿಸಿದವನಿಗಾಗಿ ಕೈ ಹಿಂತೆಗೆಯಬೇಕು. ಯಾರ ಮನಸ್ಸಾಕ್ಷಿಗಾಗಿ? ತನ್ನದಕ್ಕಲ್ಲ, ಅವನದಕ್ಕಾಗಿ ಎಂದು ಪೌಲನು ಒತ್ತಿ ಹೇಳುತ್ತಾನೆ. ಒಡನೆಯೇ, ನನ್ನ ಸ್ವಾತಂತ್ರ್ಯಕ್ಕೆ ಪರರ ಮನಸ್ಸಾಕ್ಷಿ ಏಕೆ ನ್ಯಾಯಾಧಿಪತಿಯಾಗಬೇಕೆಂಬ ಪ್ರಶ್ನೆ ಸಿಡಿಯುತ್ತದೆ. ಇದು ಪೂರ್ವಪಕ್ಷದ ಆಕ್ಷೇಪವೋ ಪೌಲನದೇ ಮಾತೋ ಎಂಬುದರಲ್ಲಿ ವ್ಯಾಖ್ಯಾನಕಾರರಿಗೆ ಒಮ್ಮತವಿಲ್ಲ. ಪೌಲನದೇ ಎಂದು ನಮ್ಮ ಮತ. ಕೈಯನ್ನು ಹಿಂತೆಗೆದವನು ತನ್ನ ನಿಶ್ಚಯವನ್ನು ಹಿಂತೆಗೆಯಬೇಕಾಗಿಲ್ಲ. ತಿನ್ನದಿರುವಾಗಲೂ ಅವನು ಒಳಗೆ ಸ್ವತಂತ್ರನೇ. ಬಿಟ್ಟುಕೊಟ್ಟದ್ದು ಒಂದು ತುಂಡು ಮಾಂಸ, ಸತ್ಯವನ್ನಲ್ಲ.

ಹಾಗಾದರೆ ದುರ್ಬಲನಿಗಾಗಿ ಎಲ್ಲವನ್ನೂ ಎಂದೆಂದಿಗೂ ಬಿಟ್ಟುಕೊಡಬೇಕೆ? ಇಲ್ಲವೆಂಬುದಕ್ಕೆ ಪೌಲನ ಇನ್ನೊಂದು ಪತ್ರಿಕೆಯೇ ಸಾಕ್ಷಿ. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಅಂತಿಯೋಕ್ಯದ ಜಗಳದ ವೃತ್ತಾಂತವಿದೆ. ಯೆಹೂದ್ಯರಲ್ಲದ ಕ್ರೈಸ್ತರೊಡನೆ ಸಹಪಂಕ್ತಿಯಲ್ಲಿ ಉಣ್ಣುತ್ತಿದ್ದ ಪೇತ್ರನು, ಯಾಕೋಬನ ಕಡೆಯಿಂದ ಕೆಲವರು ಬಂದೊಡನೆ ಹಿಂಜರಿದು ಬೇರೆಯಾದನು. ಬಾರ್ನಬನೂ ಅವನನ್ನು ಅನುಸರಿಸಿದನು. ಪೇತ್ರನಿಗೂ ಒಂದು ಸಮರ್ಥನೆ ಇತ್ತೆಂದು ಊಹಿಸುವುದು ಕಷ್ಟವಲ್ಲ: ಬಂದವರು ಹಳೆಯ ನೇಮದವರು, ಅವರ ಮನಸ್ಸಾಕ್ಷಿಗೆ ನೋವಾಗಬಾರದು. ಕೊರಿಂಥದ ನಿಯಮದಂತೆ ಇದೇ ಸರಿಯಾದ ನಡತೆಯಲ್ಲವೆ? ಆದರೆ ಪೌಲನು ಎಲ್ಲರೆದುರಿನಲ್ಲಿ, ಮುಖಾಮುಖಿಯಾಗಿ ಪೇತ್ರನನ್ನು ಆಕ್ಷೇಪಿಸಿದನು. ಈ ಎರಡು ತೀರ್ಪುಗಳಲ್ಲಿ ವಿರೋಧವಿದೆಯೆಂದು ಕೆಲವರು ಎಣಿಸಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ಬೆಲೆ ತೆರುವವರು ಯಾರೆಂದು ನೋಡಬೇಕು. ಕೊರಿಂಥದಲ್ಲಿ ಬಲಿಷ್ಠನು ತನ್ನದೇ ಊಟದ ಒಂದು ಭಾಗವನ್ನು ಬಿಡುತ್ತಾನೆ. ಅಂತಿಯೋಕ್ಯದಲ್ಲಿ ಪೇತ್ರನು ಬಿಟ್ಟದ್ದು ಪಕ್ಕದಲ್ಲಿ ಕುಳಿತಿದ್ದ ಮನುಷ್ಯರನ್ನು. ಅಲ್ಲಿ ಒಬ್ಬರ ನೇಮದ ಖರ್ಚನ್ನು ಇನ್ನೊಬ್ಬರ ಮಾನದಿಂದ ತೀರಿಸಲಾಯಿತು.

ರೂಢಿಯು ಮನಸ್ಸಾಕ್ಷಿಯ ವೇಷ ತೊಡುವುದನ್ನು ಸಾಹಿತ್ಯದಲ್ಲಿ ನೋಡಬೇಕಾದರೆ ಮಾರ್ಕ್ ಟ್ವೇನನ 'ಹಕಲ್‌ಬೆರಿ ಫಿನ್' ಕಾದಂಬರಿಗಿಂತ ಉತ್ತಮ ನಿದರ್ಶನವಿಲ್ಲ. 1884ರಲ್ಲಿ ಇಂಗ್ಲೆಂಡಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಪ್ರಕಟವಾದ ಈ ಕಾದಂಬರಿಯ 31ನೆಯ ಅಧ್ಯಾಯದಲ್ಲಿ ಹಕ್ ಎಂಬ ಹುಡುಗನು, ಓಡಿಬಂದ ಗುಲಾಮನಾದ ಜಿಮ್‌ನ ಸುಳಿವನ್ನು ಒಡತಿಗೆ ತಿಳಿಸಲು ಕಾಗದ ಬರೆಯುತ್ತಾನೆ. ಗುಲಾಮನು ಒಡೆಯರ ಸ್ವತ್ತು, ಅವನನ್ನು ಬಚ್ಚಿಡುವುದು ಕಳವು, ಕಳವು ಪಾಪ: ಇದು ಅವನು ಬೆಳೆದ ಊರು ಅವನಿಗೆ ಕೊಟ್ಟ ಮನಸ್ಸಾಕ್ಷಿ. ಅವನಿಗೆ ಪ್ರಾರ್ಥನೆ ಕಲಿಸಲು ಯತ್ನಿಸಿದ ಮಿಸ್ ವಾಟ್ಸನ್ನಳೇ ಜಿಮ್‌ನ ಒಡತಿಯೂ ಹೌದು. ಕಾಗದ ಬರೆದು ಮುಗಿಸಿದಾಗ ಹುಡುಗನಿಗೆ ಪಾಪವೆಲ್ಲ ತೊಳೆದುಹೋದಂತೆ ಹಗುರವೆನಿಸುತ್ತದೆ. ಆಮೇಲೆ ನದಿಯ ಮೇಲೆ ಕಳೆದ ದಿನಗಳು ನೆನಪಾಗುತ್ತವೆ: ತನ್ನ ನಿದ್ದೆ ಕೆಡಬಾರದೆಂದು ಜಿಮ್ ತನ್ನ ಸರದಿಯ ಕಾವಲನ್ನೂ ತಾನೇ ಮಾಡಿದ್ದು, ಮಂಜಿನಿಂದ ಹಿಂದಿರುಗಿದಾಗ ಅವನು ಸಂತೋಷಪಟ್ಟದ್ದು. ಹುಡುಗನು ಕಾಗದವನ್ನು ಹರಿದುಹಾಕಿ, ಇದಕ್ಕಾಗಿ ನರಕಕ್ಕೆ ಹೋಗುವುದಾದರೂ ಸರಿಯೇ ಎಂದು ನಿಶ್ಚಯಿಸುತ್ತಾನೆ.

ಆರೋಗ್ಯವಾದ ಹೃದಯಕ್ಕೂ ವಿಕಾರಗೊಂಡ ಮನಸ್ಸಾಕ್ಷಿಗೂ ನಡೆದ ಘರ್ಷಣೆಯಲ್ಲಿ ಮನಸ್ಸಾಕ್ಷಿಯು ಸೋತ ಕಥೆಯೆಂದು ಟ್ವೇನನೇ 1895ರ ಟಿಪ್ಪಣಿಯೊಂದರಲ್ಲಿ ತನ್ನ ಪುಸ್ತಕವನ್ನು ವರ್ಣಿಸಿದ್ದಾನೆ. ಕನ್ನಡದಲ್ಲಿ ಹೇಳುವುದಾದರೆ ಮನಸ್ಸಾಕ್ಷಿಯನ್ನು ಅಂತಃಕರಣವು ಗೆದ್ದಿತು. ಹಕ್ ತನ್ನ ಮನಸ್ಸಾಕ್ಷಿಯ ತಪ್ಪನ್ನು ಕಂಡುಹಿಡಿಯಲಿಲ್ಲ. ಅದು ಸರಿಯೆಂದೇ ನಂಬಿದ್ದನು. ಅಕ್ವಿನಾಸನ ಸೂತ್ರದಂತೆ ಅವನು ಪಾಪಿ. ಓದುವ ನಾವು ಹಾಗೆನ್ನಲಾರೆವು. ಇಲ್ಲಿ ಸೂತ್ರವು ದೋಷಯುಕ್ತವೆಂದು ನಾವು ಹೇಳುತ್ತಿಲ್ಲ. ಹುಡುಗನೊಳಗೆ ಇಬ್ಬರು ಸಾಕ್ಷಿಗಳಿದ್ದರು, ಒಬ್ಬನಿಗೆ ಮಾತ್ರ ಮನಸ್ಸಾಕ್ಷಿಯೆಂಬ ಹೆಸರು ಸಿಕ್ಕಿತ್ತು ಎನ್ನುವುದು ಹೆಚ್ಚು ನ್ಯಾಯ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಹುಡುಗನ ಕಲ್ಪನೆಯಲ್ಲಿ ನರಕಕ್ಕೆ ಹೋಗುವವನು ಅವನೇ, ಜಿಮ್ ಅಲ್ಲ. ಬೆಲೆಯನ್ನು ಅವನು ತನ್ನ ಗಂಟಿನಿಂದಲೇ ಕೊಡುತ್ತಾನೆ.

ಇವೆಲ್ಲ ಪರದೇಶದ ಮಾತುಗಳಾದವು. ಅಂತಿಯೋಕ್ಯದ ಪ್ರಶ್ನೆಯು ನಮ್ಮ ದಕ್ಷಿಣದೇಶದಲ್ಲಿಯೂ ಒಮ್ಮೆ ಬಹಿರಂಗವಾಗಿ ಎದ್ದಿತು. ತಂಜಾವೂರು ಸೀಮೆಯ ಹಳೆಯ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಜಾತಿಗಳಿಗೆ ಬೇರೆ ಬೇರೆ ಕುಳಿತುಕೊಳ್ಳುವ ಸ್ಥಳಗಳಿದ್ದವು. ಪ್ರಭುಭೋಜನದಲ್ಲಿಯೂ ಮೇಲಿನವರು ಮೊದಲು, ಕೆಳಗಿನವರು ಅನಂತರ. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನನು 1833ರಲ್ಲಿ ಪತ್ರವೊಂದನ್ನು ಬರೆದು, ಸಭೆಯೊಳಗೆ ಈ ಭೇದಗಳು ನಿಲ್ಲಬೇಕೆಂದು ವಿಧಿಸಿದನು. ಅನೇಕರು ಸಭೆಯನ್ನೇ ಬಿಟ್ಟರು. ಅದಕ್ಕೆ ಮುಂಚೆಯೇ ತಂಜಾವೂರಿನ ತಮಿಳು ಕ್ರೈಸ್ತಕವಿ ವೇದನಾಯಗ ಶಾಸ್ತ್ರಿಯು ಹೊಸ ಮಿಷನರಿಗಳ ಇಂಥ ನಡೆಗಳನ್ನು ಪ್ರತಿಭಟಿಸಿ ಬರೆದಿದ್ದನು. 1850ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನವು, ಕೆಳಗಿನವರೆನಿಸಿಕೊಂಡವರು ಮಾಡಿದ ಅಡಿಗೆಯನ್ನು ಉಣ್ಣಲು ಒಪ್ಪದವನು ಜಾತಿಯನ್ನು ಬಿಟ್ಟವನೆಂದು ಎಣಿಸಲಾಗದೆಂದು ನಿರ್ಣಯಿಸಿತು. ಲೈಪ್‌ಜಿಗ್ ಮಿಷನ್ನಿನ ಕಾರ್ಲ್ ಗ್ರೌಲನು ಇದನ್ನು ವಿರೋಧಿಸಿದನು: ಜಾತಿಯಲ್ಲಿ ಲೌಕಿಕ ಮರ್ಯಾದೆಯ ಅಂಶವಿದೆ, ಅದನ್ನು ಬಲಾತ್ಕಾರದಿಂದ ಕೀಳಬಾರದು, ತಾಳ್ಮೆಯಿಂದ, ಒಳಗಿನ ಪಕ್ವತೆಯಿಂದ ಅದು ಕಳಚಬೇಕು.

ಗ್ರೌಲನ ವಾದದಲ್ಲಿ ಕಪಟವಿತ್ತೆಂದು ಹೇಳುವುದು ಸುಲಭ, ಆದರೆ ಅನ್ಯಾಯ. ತಮಿಳು ಭಾಷೆಯಲ್ಲಿ ಅವನು ಪಡೆದ ಪಾಂಡಿತ್ಯವೂ ಆ ಜನರ ಬಾಳುವೆಯ ಮೇಲೆ ಅವನಿಗಿದ್ದ ಗೌರವವೂ ನಿಜವಾದವು. ಬಲವಂತದ ಊಟವು ಮನಸ್ಸನ್ನು ತಿದ್ದಲಾರದೆಂಬುದೂ ನಿಜ. ತಪ್ಪೆಂದು ನಂಬಿಕೊಂಡು ಉಂಡವನ ಗತಿಯನ್ನು ಪೌಲನೇ ಹೇಳಿದ್ದಾನೆ. ಆದರೆ ಗ್ರೌಲನ ಲೆಕ್ಕದಲ್ಲಿ 'ದುರ್ಬಲ'ರೆಂದು ಯಾರನ್ನು ಎಣಿಸಿದರೆಂಬುದನ್ನು ನೋಡಬೇಕು. ಮೊದಲು ಬಟ್ಟಲನ್ನು ಮುಟ್ಟುವವನು ಅಲ್ಲಿ ದುರ್ಬಲನಾದನು. ಅವನ ಮನಸ್ಸಾಕ್ಷಿ ಪಕ್ವವಾಗುವವರೆಗೆ ಕಾಯುವ ಕೆಲಸ ಹಿಂದಿನ ಚಾಪೆಯವನ ಪಾಲಿಗೆ ಬಂದಿತು. ರೂಢಿ, ಮನಸ್ಸಾಕ್ಷಿ ಎಂಬ ಎರಡು ಪಾಠಗಳ ನಡುವೆ ಆರಿಸುವಾಗ ತಂಜಾವೂರಿನ ಸಭೆಗಳು ಎರಡನೆಯದನ್ನು ಹಿಡಿದವು. ಹಿಂದಿನ ಚಾಪೆಯವನಿಗೂ ಒಂದು ಮನಸ್ಸಾಕ್ಷಿ ಇದ್ದೀತು, ಅದಕ್ಕೂ ನೋವಾದೀತು ಎಂಬ ವಿಚಾರಕ್ಕೆ ಈ ವಾದದಲ್ಲಿ ತಕ್ಕ ಸ್ಥಳವೇ ಸಿಗಲಿಲ್ಲ.

ಕೊರಿಂಥ ಪತ್ರಿಕೆಯ 11ನೆಯ ಅಧ್ಯಾಯವನ್ನು ಈ ಚರ್ಚೆಯ ಮುಂದುವರಿಕೆಯೆಂದು ಓದುವ ಪದ್ಧತಿ ಹೆಚ್ಚಾಗಿಲ್ಲ. ಓದಬೇಕೆಂದು ನಮ್ಮ ಸೂಚನೆ. ಅಲ್ಲಿಯೂ ಪ್ರಶ್ನೆ ಊಟದ್ದೇ. ಪ್ರಭುಭೋಜನಕ್ಕೆ ಕೂಡಿದಾಗ ಉಳ್ಳವರು ತಮ್ಮ ತಮ್ಮ ಊಟವನ್ನು ಮೊದಲೇ ಮುಗಿಸುತ್ತಾರೆ. ಒಬ್ಬನು ಹಸಿದಿರುತ್ತಾನೆ, ಇನ್ನೊಬ್ಬನು ಕುಡಿದು ಮತ್ತನಾಗಿರುತ್ತಾನೆ. ಇಂಥದ್ದು ಪ್ರಭುವಿನ ಭೋಜನವೇ ಅಲ್ಲವೆಂದು ಪೌಲನು ಕಡ್ಡಿ ಮುರಿದಂತೆ ಹೇಳುತ್ತಾನೆ. ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಬೇಕೆಂಬ ಮಾತೂ ಅಲ್ಲಿ ಬರುತ್ತದೆ. ಆದರೆ ಹಿಂದಿನ ಮೂರು ಅಧ್ಯಾಯಗಳಲ್ಲಿ ಎಂಟು ಸಲ ಬಂದ 'ಸುನೈದೇಸಿಸ್' ಪದವು ಈ ಹದಿನೆಂಟು ವಾಕ್ಯಗಳಲ್ಲಿ ಒಮ್ಮೆಯೂ ಇಲ್ಲ. ಯಾರ ಮನಸ್ಸಾಕ್ಷಿ ಬಲವಾದುದು, ಯಾರದು ದುರ್ಬಲವಾದುದು ಎಂಬ ವಿಚಾರಣೆಯನ್ನು ಅವನು ಇಲ್ಲಿ ನಡೆಸುವುದೇ ಇಲ್ಲ. ಅವನು ಕೊಡುವ ಅಪ್ಪಣೆ ಒಂದೇ: ಊಟಕ್ಕೆ ಕೂಡಿಬಂದಾಗ ಒಬ್ಬರಿಗಾಗಿ ಒಬ್ಬರು ಕಾಯಬೇಕು; ಹಸಿವು ತಾಳಲಾರದವನು ಮನೆಯಲ್ಲಿ ಉಂಡು ಬರಲಿ.